ಉಪನಯನದ ಫೋಟೋ ಪೂರ್ತಿ ನೀಲಿ! ಯಾರಾದ್ರೂ ದಾರಿ ಹೇಳಿ

ಸೋಗೆಚಪ್ಪರ:
ಶಿರಸಿ ಹತ್ರ ಅಕ್ಕನ ಮನೇಲಿ ಮಾಣಿ ಉಪನಯನ. ಫೋಟೋಗ್ರಾಫರ್ ಬೇಡ, ನಾನಿದ್ದೀನಿ ಅಂತ ಧೈರ್ಯ ಕೊಟ್ಟವನೂ ನಾನೇ. ಈಗ ನೋಡಿದ್ರೆ ಹೋಮದ ಹೊಗೆ ನೀಲಿ, ಮಾಣಿಯ ಬೋಳುತಲೆ ನೀಲಿ, ಅಜ್ಜಿಯ ಕೆಂಪು ಪಟ್ಟೆಸೀರೆ ನೇರಳೆಹಣ್ಣು. ಮೊಬೈಲಲ್ಲಿ 'ಆಟೋ' ಒತ್ತಿದ್ರೆ ಎಲ್ಲರಿಗೂ ಕಾಮಾಲೆ. ಭಾವ ಏನೂ ಅಂತಿಲ್ಲ, ಅದೇ ಹೆದರಿಕೆ. ಸರಿ ಮಾಡೋದು ಹೇಗೆ?

ಕಾಳಿಸೇತುವೆ:
ಲೆನ್ಸಿಗೆ ಫಂಗಸ್. ನೂರಕ್ಕೆ ನೂರು. ಕಾರವಾರದಲ್ಲಿ ನಮ್ಮದೂ ಇದೇ ಗೋಳು. ಟಾರ್ಚ್ ಬಿಟ್ಟು ನೋಡಿ, ಜೇಡನ ಬಲೆ ಥರ ಕಾಣ್ತದೆ.

ಗಂಗಾವಳಿ:
ಕ್ಯಾಮೆರಾ ಕಂಡದ್ದನ್ನು ಹಸಿಯಾಗೇ ಇಡೂ ರಾ ಫೈಲಾ, ಅದೇ ಬಣ್ಣ ಹೊಂದಿಸಿ ಕೊಡೂ ಜೆಪೆಗ್ಗಾ? ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿಗೆ ತಕ್ಕ ಹಾಗೆ ಬಣ್ಣ ಹೊಂದಿಸೂ ಸೆಟ್ಟಿಂಗ್, ಎಂತ ಇತ್ತು? ಇದ್ಯಾವುದೂ ಹೇಳದೆ ಹೇಗೆ ಮಾರಾಯ್ರೆ.

ಸೋಗೆಚಪ್ಪರ:
ಕ್ಯಾನನ್. ಹಳೇದು, ಆದ್ರೆ ಸರಿಯಾಗೇ ಇದೆ. ಹಿಂದಿನ ರಾತ್ರಿ ಅದರಲ್ಲೇ ಯಕ್ಷಗಾನ ತೆಗೆದಿದ್ದೆ, ವೇಷದ ಬಣ್ಣ ಚಂದ ಬಂದಿದೆ. ಟಾರ್ಚ್ ಬಿಟ್ಟೆ, ಬಲೆ ಗಿಲೆ ಇಲ್ಲ.

ಕಾಳಿಸೇತುವೆ:
ಒಳಗಾಜಲ್ಲಿದ್ರೆ ಸುಲಭಕ್ಕೆ ಕಾಣೂದಿಲ್ಲ. ನನ್ನ ಡ್ರೈ ಕ್ಯಾಬಿನೆಟ್ಟಲ್ಲಿ ತೇವಾಂಶ ಶೇ. 45 ದಾಟೂದೇ ಇಲ್ಲ. ನಾಲ್ಕು ಲೆನ್ಸ್, ಎರಡು ಬಾಡಿ, ದೇವಬಾಗದ ಮರಳಲ್ಲಿ ವರ್ಷಗಟ್ಟಲೆ ತೆಗೆದ್ರೂ ಒಂದು ಚುಕ್ಕೆ ಇಲ್ಲ.

ಗಂಗಾವಳಿ:
ಫಂಗಸ್ಸಿಗೆ ಫೋಟೋ ಮಸುಕಾಗ್ತದೆ, ನೀಲಿ ಆಗೂದಿಲ್ಲ. ಸೋಗೆಚಪ್ಪರ, ಆಟಕ್ಕೆ ಬಲ್ಬಿನ ಚಿತ್ರದ ಸೆಟ್ಟಿಂಗ್ ಇಟ್ಟಿದ್ರಾ?

ಸೋಗೆಚಪ್ಪರ:
ರಂಗದಲ್ಲಿ ಹಾಲೋಜನ್ ದೀಪ, ಇಡದೆ ಮತ್ತೆ? ಅದನ್ನೂ ಬಿಡಿಸಿ ಹೇಳ್ಬೇಕಾ?

ಗಂಗಾವಳಿ:
ಅದನ್ನೇ ಹೇಳ್ಬೇಕಿತ್ತು! ಆ ಬಲ್ಬಿನ, ಅಂದ್ರೆ ಟಂಗ್‌ಸ್ಟನ್, ಸೆಟ್ಟಿಂಗ್ ಬೆಳಿಗ್ಗೆ ಉಪನಯನಕ್ಕೂ ಹಾಗೇ ಉಳಿದಿದೆ. ಟಂಗ್‌ಸ್ಟನ್ ಅಂದ್ರೆ ಬೆಳಕಿನ ಬಣ್ಣದ ಅಳತೇಲಿ ಸುಮಾರು 3200 ಕೆಲ್ವಿನ್. ಬೆಳಕು ಹಳದಿ ಅಂತ ನಂಬಿ ಕ್ಯಾಮೆರಾ ನೀಲಿಯನ್ನು ಎತ್ತಿ ಕೆಂಪನ್ನು ಒತ್ತಿದೆ. ಬೆಳಗಿನ ನೆರಳು ಮೊದಲೇ ನೀಲಿ. ಜೆಪೆಗ್ಗಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಅಷ್ಟೆ, ಒತ್ತಿದ ಕೆಂಪನ್ನು ಮೇಲೆಳೆದ್ರೆ ಮುಖದ ಮೇಲೆ ಕಲೆ ಏಳ್ತದೆ. ರಾ ಆದ್ರೆ ವೈಟ್ ಬ್ಯಾಲೆನ್ಸ್ ಬರೀ ಚೀಟಿ, ಬದಲಾಯಿಸಿದ್ರೆ ಆಯ್ತು.

ಕರಿಇಶಾಡ:
ಡಾರ್ಕ್‌ಟೇಬಲ್ ಹಾಕ್ಕೊಳ್ಳಿ, ಫೋಟೋ ತಿದ್ದೂ ಸಾಫ್ಟ್‌ವೇರ್, ಪುಕ್ಕಟೆ. ಇದೇ ಬಿಳಿ ಅಂತ ಅದಕ್ಕೆ ತೋರಿಸೂಕೆ ಬಿಳಿ ಪಂಚೆ ಮೇಲೆ ಪಿಕ್ಕರ್ ಒತ್ತಿ, ಅದೇ ಸೆಟ್ಟಿಂಗ್ ಉಳಿದದ್ದಕ್ಕೂ ಅಂಟಿಸಿ.

ಗಂಗಾವಳಿ:
ಪಂಚೆ ಬೇಡ. ಉಪನಯನಕ್ಕೆ ಅಂತ ನೀಲಿ ಹಾಕಿ ಒಗೆದಿರ್ತಾರೆ.

ಕರಿಇಶಾಡ:
ನಮ್ಮ ಅಂಕೋಲೆಲಿ ಯಾರೂ ಈಗ ನೀಲಿ ಹಾಕೂದಿಲ್ಲ. ಹಂಗಾದ್ರೆ ಬಾಳೆಲೆ ಮೇಲಿನ ಅನ್ನ?

ಗಂಗಾವಳಿ:
ಅನ್ನಕ್ಕೆ ಎಲೆಯ ಹಸಿರು ಬಡೀತದೆ. ಪುರೋಹಿತರಿಗೆ ನರೆಗಡ್ಡ ಇದ್ರೆ ಅದು ಒಳ್ಳೇದು.

ಸೋಗೆಚಪ್ಪರ:
ಗಡ್ಡ ಇದೆ. ಪರವಾಗಿಲ್ಲ ಅನ್ನೋ ಹಾಗೆ ಬಂತು, ಅಜ್ಜಿ ಸೀರೆ ಮಾತ್ರ ಕೆಸರು. ಅಂದಹಾಗೆ ಕಾರ್ಡಲ್ಲಿ ಪ್ರತಿ ಫೋಟೋಕ್ಕೂ ಅದೇ ನಂಬರಿನ ಇನ್ನೊಂದು ಫೈಲ್ ಇತ್ತು, ಕೊನೆಗೆ ಸಿಆರ್2. ತೆರೀಲೇ ಇಲ್ಲ, ಜಾಗ ತಿಂತದೆ ಅಂತ ಕಾರ್ಡನ್ನ ಕಂಪ್ಯೂಟರಿಗೆ ಹಾಕಿ ಅವನ್ನೆಲ್ಲಾ ಅಳಿಸಿದೆ.

ಗಂಗಾವಳಿ:
ಅಯ್ಯೋ, ಅದೇ ರಾ! ಕಾರ್ಡಿಂದ ಅಳಿಸಿದ್ದು ರಿಸೈಕಲ್ ಬಿನ್ನಿಗೂ ಹೋಗೂದಿಲ್ಲ. ಕಾರ್ಡ್ ಈಗಲೇ ಹೊರಗೆ ತೆಗೀರಿ, ಒಂದು ಫೋಟೋನೂ ತೆಗೀಬೇಡಿ. ಅಳಿಸಿದ ಫೈಲ್ ಹುಡುಕಿ ಕೊಡೂ ಫೋಟೋರೆಕ್ ಸಾಫ್ಟ್‌ವೇರ್ ಓಡಿಸಿ, ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಹಾಕದೆ ಬೇರೆ ಡಿಸ್ಕಿಗೆ ಇಳಿಸಿ.

ಸೋಗೆಚಪ್ಪರ:
ನಿನ್ನೆ ಅದರಲ್ಲೇ ಜೇನುಪೆಟ್ಟಿಗೆ ಫೋಟೋ ತೆಗೆದೆ. ಒಂದು ಎಂಬತ್ತು.

ಕಾಳಿಸೇತುವೆ:
ಎಂತಕ್ಕೂ ಲೆನ್ಸ್ ಒಮ್ಮೆ ಬಿಚ್ಚಿಸಿ ನೋಡಿ.

ಸೋಗೆಚಪ್ಪರ:
ರಾತ್ರಿಯಿಡೀ ಓಡ್ತು. ಜನಿವಾರ ಹಾಕಿದ್ದು, ಬ್ರಹ್ಮೋಪದೇಶ ಎಲ್ಲಾ ಸಿಕ್ತು. ವೈಟ್ ಬ್ಯಾಲೆನ್ಸ್ 5800 ಕೆಲ್ವಿನ್ನಿಗೆ ಎಳೆದ್ರೆ ಸೀರೆ ಅರಿಶಿನ-ಕುಂಕುಮದ ಕುಂಕುಮದ ಹಾಗೇ ಕೆಂಪು, ಅಂಚಿನ ಜರಿ ಸಮೇತ. ಭಿಕ್ಷೆ ಹಾಕಿದ್ದರ ರಾ ಒಂದೂ ಇಲ್ಲ. ಆ ಜಾಗದಲ್ಲಿ ಜೇನು ಕೂತಿದೆ. ಅಕ್ಕಂಗೆ ಇನ್ನೂ ಹೇಳಿಲ್ಲ.

ಕರಿಇಶಾಡ:
ತುಡುವೆ ಜೇನಾ? ಈ ಸಲ ಜೇನುತುಪ್ಪ ಹೇಗಿದೆ ನಿಮ್ಮ ಬದಿಗೆ?