ಉತ್ಪ್ರೇಕ್ಷೆ ಅಂದ್ರೆ ಜಾಸ್ತಿ ಮಾಡಿ ಹೇಳೋದಾ? (ಪೋ ಕಥೆ ಪಾಠದಲ್ಲಿ ಎದ್ದ ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವನು. 'ಉತ್ಪ್ರೇಕ್ಷೆ' ಅನ್ನುವ ಪದ ಒಂದು ವಾರದಿಂದ ತಲೆ ತಿನ್ನುತ್ತಿದೆ. ಬಲ್ಲವರು ಬಿಡಿಸಿ ಹೇಳಬೇಕು.

ಹೋದ ವಾರ ಇಂಗ್ಲಿಷಿನ ಅಲಂಕಾರಗಳಾದ ಸಿಮಿಲಿ (ಉಪಮೆ), ಮೆಟಫರ್ (ರೂಪಕ), ಪರ್ಸಾನಿಫಿಕೇಶನ್ (ಜೀವವಿಲ್ಲದ್ದಕ್ಕೆ ಮನುಷ್ಯನ ಗುಣ ಕೊಡುವುದು), ಹೈಪರ್ಬೊಲಿ (ಉಬ್ಬಿಸಿ ಹೇಳುವುದು) ಎಲ್ಲವನ್ನೂ ಇನ್ನೊಂದು ಸುತ್ತು ಓದಿಸುತ್ತಿದ್ದೆ. ಸುಮ್ನೆ ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಪಠ್ಯದಲ್ಲಿ ಇಲ್ಲದಿದ್ದರೂ ಅಮೆರಿಕದ ಎಡ್ಗರ್ ಅಲನ್ ಪೋ ಬರೆದ ಎರಡು ಗಾಥಿಕ್ ಕಥೆ (ಪಾಳು ಮನೆ, ಸಾವು, ಭಯ ಇರುವ ಕಥೆ) ಹಿಡಿದುಕೊಂಡೆ. ಒಂದು 1839ರ 'ದ ಫಾಲ್ ಆಫ್ ದ ಹೌಸ್ ಆಫ್ ಅಶರ್', ಇನ್ನೊಂದು 1843ರ 'ದ ಟೆಲ್-ಟೇಲ್ ಹಾರ್ಟ್'. ಕಥೆ ಮುಗಿದ ಮೇಲೆ, ನಮ್ಮ ಕಡೆಯ ಯಾವುದಾದರೂ ಪಾಳು ಜಾಗದ ಬಗ್ಗೆ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ, ಯಾವ ಸಾಲಿನಲ್ಲಿ ಯಾವ ಅಲಂಕಾರ ಇದೆ ಅಂತ ಗುರುತಿಸಿ ಅಂದೆ.

ಅರ್ಧ ಕ್ಲಾಸು ಶೆಟ್ಟಿಹಳ್ಳಿ ಚರ್ಚಿಗೆ ಹೋಯಿತು. ಹಾಸನದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ (ಚೂಪು ಕಮಾನಿನ ಹಳೆಯ ಯುರೋಪಿನ ಶೈಲಿ) ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಅಣೆಕಟ್ಟು ಆದ ಮೇಲೆ ಹೇಮಾವತಿ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧಂಬರ್ಧ ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು. ಸೂರು ಇಲ್ಲ, ಬರೀ ಗೋಡೆ, ಕಮಾನು.

ಒಬ್ಬ ಹುಡುಗಿ ಹೀಗೆ ಬರೆದಿದ್ದಳು: 'ನೀರು ಇಳಿದ ಮೇಲೆ ಚರ್ಚು ಉಸಿರು ತೆಗೆದುಕೊಳ್ಳಲು ತಲೆ ಎತ್ತಿದೆಯೋ ಎಂಬಂತೆ ಕಾಣುತ್ತದೆ.' ಪಕ್ಕದಲ್ಲಿ ಪರ್ಸಾನಿಫಿಕೇಶನ್ ಅಂತ ಗುರುತು. ನನಗೆ ಖುಷಿಯಾಗಿ ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂಗೆ ತೋರಿಸಿದೆ. ಅವರು ಓದಿ, ಅಲ್ಲೇ ನೋಟ್ಸ್ ತರಲು ಬಂದಿದ್ದ ಅದೇ ಹುಡುಗಿಯನ್ನು ಕರೆದು, 'ಆಹಾ, ಅಪ್ಪಟ ಉತ್ಪ್ರೇಕ್ಷೆ ಕಣೇ ಇದು!' ಅಂದರು. ಹುಡುಗಿಯ ಮುಖ ಬಾಡಿತು.

'ಇಲ್ಲ ಮೇಡಂ, ಜಾಸ್ತಿ ಮಾಡಿ ಬರೆದಿಲ್ಲ. ನಿಜವಾಗ್ಲೂ ಹಂಗೇ ಕಾಣುತ್ತೆ. ಅಪ್ಪನ ಜೊತೆ ಹೋಗಿ ನೋಡಿದ್ದೀನಿ.'

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಇಷ್ಟು ವರ್ಷ ಹೈಪರ್ಬೊಲಿ ಅಂದರೆ ಉತ್ಪ್ರೇಕ್ಷೆ ಅಂತ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕೊಟ್ಟವನು ನಾನೇ. ಆ ಹುಡುಗಿ ಹೊಗಳಿಕೆಯನ್ನು ಬೈಗುಳ ಅಂದುಕೊಂಡದ್ದು ನನ್ನಿಂದ.

ಮೇಡಂ ಕೂರಿಸಿಕೊಂಡು ಹೇಳಿದ್ದು ಇಷ್ಟು. ಕನ್ನಡ ವ್ಯಾಕರಣ ಪುಸ್ತಕದ ಉತ್ಪ್ರೇಕ್ಷೆಗೂ ಉಬ್ಬಿಸಿ ಹೇಳುವುದಕ್ಕೂ ಸಂಬಂಧವಿಲ್ಲ. ಒಂದನ್ನು ನೋಡಿ ಅದು ಇನ್ನೊಂದೋ ಏನೋ ಅಂತ ಕಲ್ಪಿಸುವುದೇ ಉತ್ಪ್ರೇಕ್ಷೆ. ಮಾತಿನ ಮೂಲದಲ್ಲಿ ಇರುವುದು 'ಈಕ್ಷ್', ಅಂದರೆ ನೋಡು. ಪರೀಕ್ಷೆ, ನಿರೀಕ್ಷೆಗಳಲ್ಲಿ ಇರುವುದೂ ಅದೇ. ಅಂದರೆ ಇದು ಕಣ್ಣಿನ ಕೆಲಸ, ನಾಲಿಗೆಯದಲ್ಲ. ಉಬ್ಬಿಸಿ ಹೇಳುವುದಕ್ಕೆ ಬೇರೆಯೇ ಹೆಸರಿದೆ: ಅತಿಶಯೋಕ್ತಿ. ಸಂಸ್ಕೃತದ ಹಳೆಯ ಅಲಂಕಾರಶಾಸ್ತ್ರಕಾರ ದಂಡಿ ಅದನ್ನು ಲೋಕದ ಎಲ್ಲೆ ಮೀರಿ ಹೇಳುವ ಮಾತು ಅನ್ನುತ್ತಾನೆ.

ಆದರೆ ಪೇಪರ್ ತೆಗೆದು ನೋಡಿ. 'ಎಂದರೆ ಉತ್ಪ್ರೇಕ್ಷೆಯಾಗಲಾರದು' ಅಂತ ಒಬ್ಬರು ಬರೆಯುತ್ತಾರೆ, 'ಎಂದರೆ ಅತಿಶಯೋಕ್ತಿಯಾಗಲಾರದು' ಅಂತ ಇನ್ನೊಬ್ಬರು. ಎರಡಕ್ಕೂ ಅರ್ಥ ಒಂದೇ. ಸನ್ಮಾನ ಸಭೆಗಳಲ್ಲಂತೂ ಇವೆರಡರಲ್ಲಿ ಒಂದು ಇಲ್ಲದೆ ಭಾಷಣ ಮುಗಿಯುವುದೇ ಇಲ್ಲ. ಇದ್ದದ್ದಕ್ಕಿಂತ ಹೆಚ್ಚು ಕಾಣುವುದು ಅನ್ನುವುದೇ ಹೆಚ್ಚು ಹೇಳುವುದು ಅಂತ ಜಾರಿರಬೇಕು. ಇದು ನನ್ನ ಊಹೆ, ತಪ್ಪಿದ್ದರೆ ತಿದ್ದಿ.

ಇರಲಿ, ಬಳಕೆ ಬದಲಾಗುತ್ತೆ ಅಂತ ಸುಮ್ಮನಾಗಬಹುದಿತ್ತು. ಆದರೆ ಮತ್ತೆ ಪೋ ಕಥೆಗೆ ಬಂದಾಗ ಗೊತ್ತಾಯಿತು, ಹಳೆಯ ಅರ್ಥದ ಉತ್ಪ್ರೇಕ್ಷೆ ಇಲ್ಲದೆ ಗಾಥಿಕ್ ಕಥೆ ಪಾಠ ಮಾಡುವುದೇ ಕಷ್ಟ. ಅಶರ್ ಮನೆಯ ಕಿಟಕಿಗಳನ್ನೇ ತೆಗೆದುಕೊಳ್ಳಿ. ಕಣ್ಣಿನಂಥ ಖಾಲಿ ಕಿಟಕಿಗಳು ಅನ್ನುತ್ತಾನೆ ಪೋ. 'ಕಣ್ಣಿನಂಥ ಕಿಟಕಿ' ಅಂದರೆ ಉಪಮೆ. 'ಕಿಟಕಿಗಣ್ಣು' ಅಂದರೆ ರೂಪಕ. 'ಕಿಟಕಿಗಳು ನನ್ನನ್ನೇ ನೋಡುತ್ತಿವೆಯೋ ಎಂಬಂತಿತ್ತು' ಅಂದರೆ? ಬೆನ್ನುಹುರಿ ಚಳಕ್ ಅನ್ನುವುದು ಈ ಮೂರನೆಯದರಲ್ಲೇ. ಹೌದೋ ಅಲ್ಲವೋ ಅನ್ನುವ ಆ 'ಓ' ಇದೆಯಲ್ಲ, ಗಾಥಿಕ್ ಕಥೆಯ ಭಯವೆಲ್ಲ ಅಲ್ಲೇ ಇದೆ. ಇಂಗ್ಲಿಷಿನಲ್ಲಿ ನಾವು ಇದನ್ನೂ ಸಿಮಿಲಿಗೋ ಪರ್ಸಾನಿಫಿಕೇಶನ್ನಿಗೋ ತುರುಕುತ್ತೇವೆ. ಕನ್ನಡದಲ್ಲಿ ಇದಕ್ಕೇ ಅಂತ ಒಂದು ಹೆಸರಿದೆ, ಅದನ್ನೇ ನಾವು ಬೇರೆ ಕೆಲಸಕ್ಕೆ ಹಚ್ಚಿಬಿಟ್ಟಿದ್ದೇವೆ.

ಇನ್ನೊಂದು ಕಥೆಯಲ್ಲಿ ತೊಡಕು ಜಾಸ್ತಿ. ಮುದುಕನನ್ನು ಕೊಂದು ನೆಲದ ಹಲಗೆ ಕೆಳಗೆ ಬಚ್ಚಿಟ್ಟವನಿಗೆ, ಪೊಲೀಸರು ಎದುರಿಗೆ ಕೂತಿರುವಾಗ ಒಂದು ಸದ್ದು ಕೇಳಿಸುತ್ತದೆ. ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದ ಹಾಗೆ. ಅದು ಉಪಮೆ, ತಕರಾರಿಲ್ಲ. ಆದರೆ ಸದ್ದು ಜೋರಾಗುತ್ತಾ ಹೋಗುತ್ತೆ, ಸತ್ತವನ ಎದೆ ಬಡಿತ ಅಂತ ಅವನು ಕಿರುಚುತ್ತಾನೆ. 'ಸಾರ್, ಇದು ಹೈಪರ್ಬೊಲಿನಾ?' ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ನಮಗೆ ಅದು ಅತಿಶಯೋಕ್ತಿ, ಅವನಿಗೆ ಬರೀ ವರದಿ. ಕನ್ನಡಕ್ಕೆ ತರುವಾಗ ನಾನು 'ಎದೆ ಬಡಿತ ಕೇಳಿಸುತ್ತಿದೆಯೋ ಎಂಬಂತಾಯಿತು' ಅಂತ ಬರೆದುಬಿಟ್ಟಿದ್ದೆ. ಓದಿದ ಕೂಡಲೇ ಕಥೆ ಠುಸ್ ಅಂತು. 'ಎಂಬಂತೆ' ಅಂದ ತಕ್ಷಣ ಅವನಿಗೆ ಬುದ್ಧಿ ನೆಟ್ಟಗಿದೆ ಅಂತ ಆಗುತ್ತಲ್ಲ! ಹೊಡೆದು ಹಾಕಿ 'ಕೇಳಿಸಿತು' ಅಂತ ಬರೆದೆ.

ಮಧ್ಯೆ ಇನ್ನೊಂದು ಎಡವಟ್ಟು. ಆ ಮುದುಕನಿಗೆ ರಣಹದ್ದಿನ ಕಣ್ಣು ಅಂತ ಕಥೆಯಲ್ಲಿದೆ. ಮುಕ್ಕಾಲು ಮಕ್ಕಳು 'ಹದ್ದಿನ ಕಣ್ಣು' ಅಂತ ಬರೆದು, ಮುದುಕ ಬಲು ಚುರುಕು, ಎಲ್ಲವನ್ನೂ ಗಮನಿಸುತ್ತಿದ್ದ ಅಂತ ವಿವರಿಸಿದ್ದರು. ಪೊಲೀಸರು ಹದ್ದಿನ ಕಣ್ಣಿಟ್ಟಿದ್ದಾರೆ ಅನ್ನುತ್ತೇವಲ್ಲ, ಅದೇ ಲೆಕ್ಕ. ಆದರೆ ಪೋ ಹೇಳುವುದು ಪೊರೆ ಬಂದ, ಮಾಸಲು ನೀಲಿ ಕಣ್ಣು. ನೋಡುವ ಕಣ್ಣಲ್ಲ, ನೋಡಿದವರ ರಕ್ತ ತಣ್ಣಗಾಗುವ ಕಣ್ಣು. 'ಅಜ್ಜಿಗೆ ಆಪರೇಷನ್‌ಗೆ ಮುಂಚೆ ಪೊರೆ ಬಂದಿತ್ತಲ್ಲ, ಹಂಗೆ' ಅಂತ ಒಬ್ಬ ಹೇಳಿದ ಮೇಲೆ ಕ್ಲಾಸಿಗೆಲ್ಲ ಅರ್ಥವಾಯಿತು. 'ರಣ' ಅನ್ನುವ ಎರಡಕ್ಷರ ಬಿಟ್ಟರೆ ಮುದುಕ ಪತ್ತೇದಾರನೇ ಆಗಿಬಿಡುತ್ತಾನೆ.

ಈಗ ನನ್ನ ಪ್ರಶ್ನೆ. ಹೈಪರ್ಬೊಲಿಗೆ ಅತಿಶಯೋಕ್ತಿ ಅಂತ ಬರೆಸಿ, ಉತ್ಪ್ರೇಕ್ಷೆಯನ್ನು ಅದರ ಹಳೆಯ ಜಾಗಕ್ಕೇ ಬಿಡೋಣ ಅಂತ ನನ್ನ ಮನಸ್ಸು. ಆದರೆ ದಿನಪತ್ರಿಕೆ ಓದುವ ಮಕ್ಕಳಿಗೆ ಎರಡು ಅರ್ಥವನ್ನೂ ಹೇಗೆ ಹೇಳುತ್ತೀರಿ? ನಿಮ್ಮಲ್ಲಿ ಪಾಠ ಮಾಡುವವರು ಏನು ಮಾಡುತ್ತೀರಿ? 'ಹಾಗೆ', 'ಅಂತೆ' ಬಂದ ಕಡೆಯೆಲ್ಲ ಉಪಮೆ ಅಂತ ಹೇಳಿಕೊಡುವುದೂ ಪೂರ್ತಿ ಸರಿಯಲ್ಲ. ಸಂಸ್ಕೃತದಲ್ಲಿ 'ಹಾಗೆ' ಅನ್ನುವ ಅರ್ಥದ 'ಇವ' ಎಂಬ ಉಪಮೆಯ ಪದವೇ ಉತ್ಪ್ರೇಕ್ಷೆಯಲ್ಲೂ ಬರುತ್ತೆ ಅಂತ ದಂಡಿಯೇ ಹೇಳಿದ್ದಾನಂತೆ, ಮೇಡಂ ಶ್ಲೋಕ ತೋರಿಸಿದರು. ಹಾಗಾದರೆ ಮಕ್ಕಳಿಗೆ ಗುರುತು ಯಾವುದು?

ಇನ್ನೊಂದು ಸಣ್ಣ ವಿಷಯ. ಅತಿಶಯೋಕ್ತಿ ಅಂದರೆ ಮಕ್ಕಳು ಮುಖ ಮುಖ ನೋಡುತ್ತಾರೆ. ಉಪ್ಪು ಖಾರ ಹಚ್ಚೋದು, ಬಣ್ಣ ಕಟ್ಟೋದು, ಕಡ್ಡಿಯನ್ನು ಗುಡ್ಡ ಮಾಡೋದು ಅಂದರೆ ತಕ್ಷಣ ಗೊತ್ತಾಗುತ್ತೆ. ರೈಲು ಬಿಡೋದು ಅಂದರೆ ಸುಳ್ಳಿನ ಕಡೆಗೆ ವಾಲುತ್ತದೆ, ಅದು ಬೇಡ. ನಿಮ್ಮ ಸೀಮೆಯಲ್ಲಿ ಇದಕ್ಕೆ ಬೇರೆ ಮಾತು ಇದ್ದರೆ ತಿಳಿಸಿ.

ಸೋಮವಾರ ಪೇಪರ್ ವಾಪಸ್ ಕೊಡಬೇಕು. ಆ ಹುಡುಗಿಯ ಸಾಲಿನ ಪಕ್ಕ ಉತ್ಪ್ರೇಕ್ಷೆ ಅಂತ ಬರೆದು ಎರಡು ಅಂಕ ಜಾಸ್ತಿ ಹಾಕಿದ್ದೇನೆ. ಹಾಕಿದ್ದು ಯಾಕೆ ಅಂತ ಒಂದೇ ಸಾಲಿನಲ್ಲಿ ಕೆಳಗೆ ಬರೆಯಬೇಕು. ಅಷ್ಟರೊಳಗೆ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.