ಪತ್ರಗಳು ಬರುತ್ತಿವೆ, ಆದರೆ ಒಂದೂ ಹೊರಗೆ ಹೋಗುತ್ತಿಲ್ಲ: ಮನೆಯ ಮೇಲ್ ಸರ್ವರ್

ಅಂಚೆಪೆಟ್ಟಿಗೆ (ಪ್ರಶ್ನೆ)

ನಮಸ್ಕಾರ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಡೆಬಿಯನ್ ಲಿನಕ್ಸ್ ಹಾಕಿ, ಪತ್ರ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಬಂದ ಪತ್ರಗಳನ್ನು ಓದಲು ಕೊಡುವ ಡವ್‌ಕಾಟ್ ನಡೆಸುತ್ತಿದ್ದೇನೆ. ಸ್ವಂತ ಡೊಮೇನ್, ಸ್ಥಿರ ಐಪಿ ವಿಳಾಸ. ಮನೆಯ ನಾಲ್ವರ ಇಮೇಲ್ ಇದರ ಮೇಲೆಯೇ ನಿಂತಿದೆ.

ನಾಲ್ಕು ದಿನಗಳ ಹಿಂದೆ ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಂಪನಿಗೆ ಬದಲಾಯಿಸಿದೆ. ಡೊಮೇನ್ ಹೆಸರಿಗೆ ಐಪಿ ತೋರಿಸುವ ಡಿಎನ್‌ಎಸ್‌ನಲ್ಲಿ ಹೊಸ ಐಪಿ ಬರೆದೆ, ಪತ್ರಗಳು ಬರತೊಡಗಿದವು, ಎಲ್ಲವೂ ಸರಿಹೋಯಿತು ಎಂದುಕೊಂಡೆ. ನಿನ್ನೆ ತಂದೆಯವರ ಗೆಳೆಯರ ಪತ್ರ ಬಂತು: ‘ಬರೆಯುವುದನ್ನೇ ಬಿಟ್ಟೆಯಾ?’ ತಂದೆಯವರು ಅವರಿಗೆ ಈ ನಾಲ್ಕು ದಿನಗಳಲ್ಲಿ ಮೂರು ಪತ್ರ ಬರೆದಿದ್ದರು. ಓದಿದಾಗ ನನಗೆ ಬಹಳ ಸಂಕಟವಾಯಿತು.

ಮೇಲ್‌ಕ್ಯೂ (ಹೊರಹೋಗಲು ಕಾಯುವ ಪತ್ರಗಳ ಸಾಲು) ತೆಗೆದು ನೋಡಿದರೆ 31 ಪತ್ರಗಳು ಸಾಲಿನಲ್ಲಿ ನಿಂತಿವೆ. ಎಲ್ಲದರ ಕೆಳಗೂ ‘ಕನೆಕ್ಷನ್ ಟೈಮ್ಡ್ ಔಟ್’. ಇವಲ್ಲದೆ ಎರಡು ಪತ್ರಗಳು 550 ಎಂಬ ಸಂಖ್ಯೆಯೊಂದಿಗೆ ಮರಳಿ ಬಂದಿವೆ. ಅವುಗಳಲ್ಲಿ ಪಿಟಿಆರ್ ಎಂಬ ಮಾತಿದೆ. ಫೈರ್‌ವಾಲ್ ನಿಲ್ಲಿಸಿ ನೋಡಿದೆ, ರೂಟರ್‌ನಲ್ಲಿ 25ನೇ ಪೋರ್ಟ್ (ಮೇಲ್ ಸರ್ವರ್‌ಗಳು ಪರಸ್ಪರ ಪತ್ರ ಸಾಗಿಸುವ ದ್ವಾರ) ತೆರೆದೇ ಇದೆ. ಇಷ್ಟು ದಿನ ಒಂದು ಎಚ್ಚರಿಕೆಯೂ ಏಕೆ ಬರಲಿಲ್ಲ?

ಮುಂಜಾವು

ಕಾರಣ ಹುಡುಕುವ ಮೊದಲು ಆ 31 ಪತ್ರಗಳನ್ನು ಉಳಿಸಿಕೊಳ್ಳಿ. ಪೋಸ್ಟ್‌ಫಿಕ್ಸ್ ತಾನಾಗಿ ಒಂದು ಪತ್ರವನ್ನು ಐದು ದಿನ ಮಾತ್ರ ಇಟ್ಟುಕೊಳ್ಳುತ್ತದೆ, ಆಮೇಲೆ ಕಳುಹಿಸಿದವರಿಗೇ ಹಿಂದಿರುಗಿಸುತ್ತದೆ. ನಿಮ್ಮದು ನಾಲ್ಕನೆಯ ದಿನ! ಪೋಸ್ಟ್‌ಫಿಕ್ಸ್‌ನ ‘ಮ್ಯಾಕ್ಸಿಮಲ್_ಕ್ಯೂ_ಲೈಫ್‌ಟೈಮ್’ ಎಂಬ ಸೆಟ್ಟಿಂಗನ್ನು ಹತ್ತು ದಿನಕ್ಕೆ ಏರಿಸಿ ರೀಲೋಡ್ ಮಾಡಿ. ಎಚ್ಚರಿಕೆ ಬಾರದಿರುವುದಕ್ಕೆ ಕಾರಣ ‘ಡಿಲೇ_ವಾರ್ನಿಂಗ್_ಟೈಮ್’ ಮೂಲದಲ್ಲಿ ಸೊನ್ನೆಯಾಗಿರುವುದು. ಅದನ್ನು ನಾಲ್ಕು ಗಂಟೆಗೆ ಇಟ್ಟರೆ ಪತ್ರ ತಡವಾದಾಗ ಬರೆದವರಿಗೆ ತಿಳಿಯುತ್ತದೆ.

ಇನ್ನು ರೋಗದ ವಿಷಯ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. 550 ಎಂದರೆ ಎದುರಿನ ಸರ್ವರ್ ನಿಮ್ಮ ಮಾತು ಕೇಳಿ ‘ಬೇಡ’ ಎಂದಿದೆ. ಟೈಮ್ಡ್ ಔಟ್ ಎಂದರೆ ನಿಮ್ಮ ಮಾತು ಅದಕ್ಕೆ ತಲುಪಿಯೇ ಇಲ್ಲ. ರೂಟರ್‌ನಲ್ಲಿ ನೀವು ತೆರೆದ ಪೋರ್ಟ್ ಒಳಬರುವ ಪತ್ರಗಳಿಗೆ ಸಂಬಂಧಿಸಿದ್ದು, ಹೊರಹೋಗುವುದಕ್ಕೆ ಅದರಿಂದ ಏನೂ ಆಗುವುದಿಲ್ಲ. ಪತ್ರಗಳು ಬರುತ್ತಿರುವುದರಿಂದ ಹಲವು ಮನೆಗಳಿಗೆ ಒಂದೇ ಐಪಿ ಹಂಚುವ ವ್ಯವಸ್ಥೆಯಲ್ಲಿ ನೀವಿಲ್ಲ ಎಂಬುದೂ ಬಹುಪಾಲು ಖಚಿತ.

ಆ ಲ್ಯಾಪ್‌ಟಾಪ್‌ನಿಂದಲೇ ಟೆಲ್‌ನೆಟ್ ಮೂಲಕ ಎರಡು ಮೂರು ದೊಡ್ಡ ಸೇವೆಗಳ ಮೇಲ್ ಸರ್ವರ್‌ಗಳ 25ನೇ ಪೋರ್ಟನ್ನು ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸದಲ್ಲಿ ತಟ್ಟಿ ನೋಡಿ. ಆಮೇಲೆ ಯಾವುದಾದರೂ ಸೇವೆಯ 587ನೇ ಪೋರ್ಟನ್ನು (ಬಳಕೆದಾರರು ಲಾಗಿನ್ ಆಗಿ ಪತ್ರ ಒಪ್ಪಿಸುವ ದ್ವಾರ) ತಟ್ಟಿ. 25 ಎಲ್ಲ ಕಡೆಯೂ ಮೌನವಾಗಿದ್ದು, 587ರಲ್ಲಿ ತಕ್ಷಣ 220 ಎಂಬ ಸ್ವಾಗತ ಬಂದರೆ, ತಡೆ ಇರುವುದು ಬಹುಪಾಲು ನಿಮ್ಮ ಹೊಸ ಕಂಪನಿಯ ಜಾಲದಲ್ಲಿ. ವೈರಸ್ ತಗುಲಿದ ಮನೆಯ ಕಂಪ್ಯೂಟರ್‌ಗಳಿಂದ ಸ್ಪ್ಯಾಮ್ ಹರಿಯಬಾರದೆಂದು ಅನೇಕ ಕಂಪನಿಗಳು ಹೀಗೆ ಮಾಡುತ್ತವೆ.

ಸಾಲುದೀಪ

550 ಎಂದು ಮರಳಿದ ಆ ಎರಡು ಪತ್ರಗಳು ಐಪಿವಿ6ರಲ್ಲಿ (ಹೊಸ ಬಗೆಯ ಐಪಿ) ಹೋಗಿರಬೇಕು. ಲಾಗ್‌ನಲ್ಲಿ ವಿಳಾಸ ನೋಡಿ. ಕೆಲವು ಕಡೆ ತಡೆ ಐಪಿವಿ4ಕ್ಕೆ ಮಾತ್ರ ಇರುತ್ತದೆ. ಆದರೆ ಪಿಟಿಆರ್ (ಐಪಿ ವಿಳಾಸ ಯಾವ ಹೆಸರಿನದು ಎಂದು ತಿಳಿಸುವ ದಾಖಲೆ) ಇಲ್ಲದ ಐಪಿವಿ6 ವಿಳಾಸದಿಂದ ಬಂದ ಪತ್ರವನ್ನು ದೊಡ್ಡ ಸೇವೆಗಳು ಸೇರಿಸಿಕೊಳ್ಳುವುದಿಲ್ಲ. ಪಿಟಿಆರ್ ದಾಖಲೆ ನಿಮ್ಮ ಡೊಮೇನ್‌ನಲ್ಲಿ ಬರೆಯುವಂಥದ್ದಲ್ಲ, ಐಪಿ ಕೊಟ್ಟವರೇ ಬರೆಯಬೇಕು.

ಅಂಚೆಪೆಟ್ಟಿಗೆ

ಇಬ್ಬರಿಗೂ ಕೃತಜ್ಞತೆಗಳು. ಅವಧಿ ಏರಿಸಿದೆ. 25 ಮೂರು ಕಡೆಯೂ ಮೌನ, 587 ಕೂಡಲೇ ಮಾತನಾಡಿತು. ಲಾಗ್‌ನಲ್ಲಿ ಆ ಎರಡೂ ಐಪಿವಿ6 ಪತ್ರಗಳೇ. ಕಂಪನಿಯವರನ್ನು ಕೇಳಿದರೆ, ಮನೆಯ ಸಂಪರ್ಕಕ್ಕೆ 25 ತೆರೆಯುವುದಿಲ್ಲ ಎಂದರು. ನಮ್ಮ ಪತ್ರಗಳನ್ನು ನಮ್ಮಲ್ಲೇ ಇಟ್ಟುಕೊಳ್ಳಬೇಕೆಂದು ಇಷ್ಟೆಲ್ಲ ಕಟ್ಟಿದ್ದು. ಈಗ ಸರ್ವರನ್ನೇ ಬಿಡಬೇಕೇ?

ಮುಂಜಾವು

ಖಂಡಿತ ಬೇಡ. ಪತ್ರಗಳು ಬರುವುದು, ಉಳಿಯುವುದು ನಿಮ್ಮ ಮನೆಯಲ್ಲೇ ಇರಲಿ. ಹೊರಗೆ ಸಾಗಿಸುವ ಕೆಲಸವನ್ನು ಮಾತ್ರ ಒಂದು ರಿಲೇ ಸೇವೆಗೆ ವಹಿಸಿ. ‘ರಿಲೇಹೋಸ್ಟ್’ ಸಾಲಿನಲ್ಲಿ ಅದರ ಹೆಸರನ್ನು ಚೌಕ ಆವರಣದೊಳಗೆ ಬರೆದು, ಮುಂದೆ 587 ಸೇರಿಸಿ. ಆವರಣ ಮರೆತರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ದಾಖಲೆ (ಡೊಮೇನ್‌ನ ಪತ್ರ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವಂಥದ್ದು) ಹುಡುಕಿಕೊಂಡು ಬೇರೆಲ್ಲಿಗೋ ಹೋಗಬಹುದು. ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಕಡ್ಡಾಯ ಮಾಡಿ. ಗುಪ್ತಪದದ ಕಡತವನ್ನು ರೂಟ್ ಮಾತ್ರ ಓದುವಂತೆ ಇಡಿ.

ನಿಮ್ಮ ಡೊಮೇನ್ ಪರವಾಗಿ ಯಾರು ಪತ್ರ ಕಳುಹಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ರಿಲೇ ಸೇವೆಯನ್ನು ಸೇರಿಸಿ. ಪತ್ರ ನಿಮ್ಮ ಡೊಮೇನ್‌ನದೇ ಎಂದು ತೋರಿಸುವ ಡಿಕೆಐಎಂ ಸಹಿ ನಿಮ್ಮ ಯಂತ್ರದಲ್ಲೇ ಆಗಲಿ, ದಾರಿಯಲ್ಲಿ ಪತ್ರವನ್ನು ತಿದ್ದದಿದ್ದರೆ ಅದು ಹಾಗೆಯೇ ಉಳಿಯುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು: ಹೊರಹೋಗುವ ಪತ್ರಗಳು ರಿಲೇಯವರ ಕೈಯ ಮೂಲಕ ಹಾದುಹೋಗುತ್ತವೆ. ಅದು ಒಪ್ಪದಿದ್ದರೆ 25 ತೆರೆದಿರುವ, ಪಿಟಿಆರ್ ಬರೆದುಕೊಡುವ ಕಡೆ ಚಿಕ್ಕ ಬಾಡಿಗೆ ಸರ್ವರ್ ತೆಗೆದುಕೊಂಡು ನೀವೇ ರಿಲೇ ಮಾಡಿಕೊಳ್ಳಿ.

ಅಂಚೆಪೆಟ್ಟಿಗೆ

ಸದ್ಯಕ್ಕೆ ರಿಲೇ ಸೇವೆಯನ್ನೇ ಆರಿಸಿಕೊಂಡೆ. ಮೊದಲು ಪೋಸ್ಟ್‌ಫಿಕ್ಸ್ ‘ನೋ ಮೆಕ್ಯಾನಿಸಂ ಅವೈಲಬಲ್’ (ಲಾಗಿನ್ ಆಗಲು ವಿಧಾನವಿಲ್ಲ) ಎಂದು ಹಟ ಹಿಡಿಯಿತು. ‘ಎಸ್‌ಎಂಟಿಪಿ_ಎಸ್‌ಎಎಸ್‌ಎಲ್_ಸೆಕ್ಯುರಿಟಿ_ಆಪ್ಷನ್ಸ್’ನಲ್ಲಿ ‘ನೋಪ್ಲೇನ್‌ಟೆಕ್ಸ್ಟ್’ (ಗುಪ್ತಪದವನ್ನು ಹಾಗೆಯೇ ಕಳುಹಿಸಬೇಡ) ಎಂಬುದು ಮೂಲದಲ್ಲೇ ಇರುತ್ತದೆ. ಅದನ್ನು ತೆಗೆದು ‘ನೋಅನಾನಿಮಸ್’ ಮಾತ್ರ ಉಳಿಸಿದ ಮೇಲೆ ಲಾಗಿನ್ ಆಯಿತು. ಟಿಎಲ್‌ಎಸ್ ಕಡ್ಡಾಯವಾಗಿರುವುದರಿಂದ ಗುಪ್ತಪದ ಬಯಲಾಗುವ ಭಯವಿಲ್ಲ. ಸಾಲನ್ನು ಮತ್ತೆ ಕಳುಹಿಸಲು ‘ಪೋಸ್ಟ್‌ಕ್ಯೂ’ ಆದೇಶಕ್ಕೆ ‘ಎಫ್’ ಆಯ್ಕೆ ಕೊಟ್ಟೊಡನೆ ಸಾಲು ಕರಗತೊಡಗಿತು. 31ರಲ್ಲಿ 30 ಹೋದವು. ಉಳಿದ ಒಂದರಲ್ಲಿ ನಾನೇ ವಿಳಾಸ ತಪ್ಪಾಗಿ ಬರೆದಿದ್ದೆ.

ತಂದೆಯವರ ಗೆಳೆಯರಿಗೆ ಮೂರೂ ಪತ್ರಗಳು ಒಟ್ಟಿಗೆ ತಲುಪಿವೆ. ತಂದೆಯವರು ಈಗ ಅವರ ಉತ್ತರ ಓದುತ್ತಿದ್ದಾರೆ.