ಅಂಕ ಏರಿದೆ, ಅಷ್ಟಕ್ಕೇ ಕಾರ್ಯಕ್ರಮ ಗೆದ್ದಿತು ಅನ್ನಬಹುದಾ?

ಪ್ರಶ್ನೆ:
ಓದಲು ತಡವರಿಸುವ ಮಕ್ಕಳಿಗೆ ನಮ್ಮ ಸಂಸ್ಥೆ ಶಾಲೆ ಬಿಟ್ಟ ಮೇಲೆ ಪಾಠ ಮಾಡುತ್ತೆ. ಶುರುವಿನಲ್ಲಿ 60 ಮಕ್ಕಳಿದ್ದರು, ಕೊನೆಯ ಪರೀಕ್ಷೆಗೆ ಕೂತವರು 41. ಸರಾಸರಿ ಚೆನ್ನಾಗೇ ಏರಿದೆ. ದಾನಿಗಳಿಗೆ ಇದನ್ನೇ ಬರೆದು ಕಳಿಸಲಾ?

ಉತ್ತರ 1:
ತಡೀರಿ. ಬಿಟ್ಟುಹೋದ 19 ಮಕ್ಕಳು ಯಾರು? 15 ವರ್ಷದಿಂದ ಇಂಥ ಕಾರ್ಯಕ್ರಮಗಳ ಮೌಲ್ಯಮಾಪನ ಮಾಡ್ತಿದ್ದೀನಿ, ಮೊದಲು ತೆರೆಯೋದು ಹಾಜರಿ ಪುಸ್ತಕವನ್ನೇ. ಒಂದು ಕಡೆ ಹೀಗೇ ಅಂಕ ಏರಿತ್ತು. ಬಿಟ್ಟವರ ಹಳೇ ಅಂಕ ತೆಗೆದು ನೋಡಿದರೆ ಬಹುತೇಕ ಎಲ್ಲರೂ ಪಟ್ಟಿಯ ತಳದವರು. ಅವರು ಹೋದದ್ದಕ್ಕೇ ಸರಾಸರಿ ಮೇಲೆದ್ದಿತ್ತು! ಆ 41 ಮಕ್ಕಳದ್ದೇ ಮೊದಲಿನ ಅಂಕ, ಕೊನೆಯ ಅಂಕ ಪಕ್ಕಪಕ್ಕ ಇಟ್ಟು ನೋಡಿ. ಇನ್ನೊಂದು, ತೀರಾ ಕಡಿಮೆ ಅಂಕದವರನ್ನೇ ಆರಿಸಿಕೊಂಡರೆ ಪಾಠವಿಲ್ಲದೆಯೂ ಎರಡನೇ ಪರೀಕ್ಷೆಯಲ್ಲಿ ಸರಾಸರಿ ಸ್ವಲ್ಪ ಏರುತ್ತೆ. ಮೊದಲ ಪರೀಕ್ಷೆಯ ದಿನ ಜ್ವರ ಬಂದವರು, ಹೆದರಿ ಬಾಯಿ ಬಿಡದವರು ಅದರಲ್ಲಿ ಸೇರಿರ್ತಾರೆ, ಮುಂದಿನ ಸಲ ಅವರು ತಮ್ಮ ಮಾಮೂಲಿ ಮಟ್ಟಕ್ಕೆ ಬರ್ತಾರೆ. ಜಾಗ ಸಿಗದೆ ಕಾಯ್ತಿರೋ ಮಕ್ಕಳಿದ್ದರೆ ಅವರಿಗೂ ಅದೇ ಪರೀಕ್ಷೆ ಕೊಡಿ, ಹೋಲಿಸೋಕೆ ಆಗುತ್ತೆ.

ಉತ್ತರ 2:
ಪರೀಕ್ಷೆ ತಗೊಂಡವರು ಯಾರು? ಪಾಠ ಮಾಡಿದ ಟೀಚರೇ ಕೂತು, ಮಗು ತಡವರಿಸಿದಾಗ ತುಟಿಯಲ್ಲೇ ಅಕ್ಷರ ಹೇಳಿಕೊಡೋದನ್ನ ಕಣ್ಣಾರೆ ಕಂಡಿದ್ದೀನಿ. ಮೋಸ ಅಂತ ಅಲ್ಲ, ಅಕ್ಕರೆ.

ಪ್ರಶ್ನೆ ಕೇಳಿದವರು:
ಹೌದು ಸಾರ್, ಟೀಚರೇ. ಬಿಟ್ಟವರ ಪಟ್ಟಿ ತೆಗೆದೆ. 19ರಲ್ಲಿ 13 ಮಕ್ಕಳು ಇನ್ನೂ ಅಕ್ಷರ ಗುರುತಿಸೋ ಹಂತದಲ್ಲೇ ಇದ್ದವರು. ವರದಿ ಕಳಿಸಿಲ್ಲ, ಅವರ ಮನೆಗಳಿಗೆ ಫೋನ್ ಮಾಡ್ತಿದ್ದೀನಿ.